ಬೇಸಿಗೆಯ ಸಂಶೋಧನೆಗೆ ದಸರೆಯ ಹೊತ್ತಿಗೇ ಅರ್ಜಿ: ಪದವಿ ವಿದ್ಯಾರ್ಥಿಗಳಿಗೆ ಫೆಲೋಶಿಪ್, ಇಂಟರ್ನ್‌ಶಿಪ್ ಮತ್ತು ವಿದೇಶದ ದಾರಿ

ಪದವಿ ಓದುತ್ತಿರುವವರು ‘ಈ ಬೇಸಿಗೆಯಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಬೇಕು’ ಎಂದು ಹುಡುಕಲು ಕೂರುವುದು ಹೆಚ್ಚಾಗಿ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ದೇಶದ ಮುಖ್ಯ ಬೇಸಿಗೆ ಫೆಲೋಶಿಪ್‌ಗಳಿಗೆ ಅರ್ಜಿ ಹಾಕುವ ಗಡುವು ಮುಗಿದು ತಿಂಗಳುಗಳೇ ಕಳೆದಿರುತ್ತವೆ. ಮೇ ತಿಂಗಳಲ್ಲಿ ಪ್ರಯೋಗಾಲಯಕ್ಕೆ ಕಾಲಿಡುವವರು ಅರ್ಜಿ ಹಾಕಿದ್ದು ಹಿಂದಿನ ವರ್ಷದ ದಸರೆ, ದೀಪಾವಳಿಯ ಆಸುಪಾಸಿನಲ್ಲಿ. ಹೊರದೇಶಕ್ಕೆ ಹೊರಟವರಲ್ಲಿ ಕೆಲವರು ಅದಕ್ಕೂ ಮೊದಲು, ಗಣೇಶನ ಹಬ್ಬದ ಹೊತ್ತಿಗೇ ಕಾಗದಪತ್ರ ಜೋಡಿಸಿಟ್ಟಿರುತ್ತಾರೆ. ತಾಲೂಕು ಕೇಂದ್ರದ ಕಾಲೇಜುಗಳಲ್ಲಿ ಓದುವ ಮಕ್ಕಳಿಗೆ ಅಂಕವೂ ಇರುತ್ತದೆ, ಆಸಕ್ತಿಯೂ ಇರುತ್ತದೆ. ಅವರ ಕೈ ತಪ್ಪುವುದು ಎರಡು ಕಡೆ: ತಾರೀಖು ತಿಳಿಯುವುದರಲ್ಲಿ, ಮೇಷ್ಟ್ರಿಂದ ಶಿಫಾರಸು ಪತ್ರವನ್ನು ಸಮಯಕ್ಕೆ ಸರಿಯಾಗಿ ಪಡೆಯುವುದರಲ್ಲಿ. ಈ ಎರಡನ್ನೂ ಸರಿಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿ. ಬೇಸಿಗೆ ಸಂಶೋಧನಾ ಫೆಲೋಶಿಪ್ ಎಂದರೆ ಸಂಶೋಧನಾ ಸಂಸ್ಥೆಯೊಂದರಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಆರರಿಂದ ಎಂಟು ವಾರ ಕೆಲಸ. ಸಾಮಾನ್ಯವಾಗಿ ಸ್ಟೈಪೆಂಡ್ ಇರುತ್ತದೆ, ಕೊನೆಗೆ ವರದಿ ಬರೆಯಬೇಕು. ಇಂಟರ್ನ್‌ಶಿಪ್ ಎಂಬುದು ಹಿಗ್ಗಲಿಸಿದರೆ ಹಿಗ್ಗುವ ಪದ. ಕಾರ್ಖಾನೆಯಲ್ಲಿ ಒಂದು ತಿಂಗಳು ನಿಂತದ್ದೂ ಇಂಟರ್ನ್‌ಶಿಪ್, ಸರ್ಕಾರಿ ಇಲಾಖೆಯಲ್ಲಿ ಕಡತ ಓದಿದ್ದೂ ಇಂಟರ್ನ್‌ಶಿಪ್, ಮನೆಯಲ್ಲಿ ಕುಳಿತು ಹತ್ತು ವಿಡಿಯೊ ನೋಡಿ ದುಡ್ಡು ಕಟ್ಟಿ ಪಡೆದ ಪ್ರಮಾಣಪತ್ರವನ್ನೂ ಹಾಗೇ ಕರೆಯುತ್ತಾರೆ. ಮೂರನೆಯದು ತರಬೇತಿ ಶಿಬಿರ. ಅಲ್ಲಿ ಸಂಶೋಧನೆ ನಡೆಯುವುದಿಲ್ಲ, ಅದಕ್ಕೆ ಬೇಕಾದ ಬುನಾದಿ ಹಾಕುತ್ತಾರೆ. ಗಣಿತದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ಗಣಿತಜ್ಞ ಎಸ್. ಕುಮರೇಶನ್ ಅವರು 1993ರಲ್ಲಿ ಶುರು ಮಾಡಿದ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರದಲ್ಲಿ ಸುಮಾರು ನಾಲ್ಕು ವಾರ ಉಳಿದು ಕಲಿಯಬೇಕು. ಸೂತ್ರ ಬಾಯಿಪಾಠ ಮಾಡಿ ಪಾಸಾದವರಿಗೆ, ಪ್ರಮೇಯವೊಂದರ ಸಾಧನೆಯನ್ನು ತಾನೇ ಕಟ್ಟುವುದು ಎಂದರೇನು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಸಾಮಾನ್ಯ ಕಾಲೇಜಿನ ವಿದ್ಯಾರ್ಥಿಗೆ ದೇಶದೊಳಗಿನ ಎಲ್ಲಕ್ಕಿಂತ ದೊಡ್ಡ ಬಾಗಿಲು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನಗಳ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಪ್ರಯಾಗರಾಜದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇವು ಆ ಮೂರು. ಇದನ್ನೇ ಮೊದಲು ಹೇಳುವುದಕ್ಕೆ ಕಾರಣವಿದೆ. ಇಲ್ಲಿ ನಿಮಗೆ ಯಾವ ಪ್ರೊಫೆಸರ್ ಪರಿಚಯವೂ ಇರಬೇಕಿಲ್ಲ. ಒಂದೇ ಅರ್ಜಿ, ಒಂದು ಚಿಕ್ಕ ಬರಹ, ಅಂಕಗಳ ವಿವರ, ಶಿಕ್ಷಕರ ಶಿಫಾರಸು. ಸಮಿತಿ ಆರಿಸಿದ ಮೇಲೆ ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯೊಬ್ಬರ ಜೊತೆ ನಿಮ್ಮನ್ನು ಜೋಡಿಸುತ್ತಾರೆ. ಅವಧಿ ಎಂಟು ವಾರ. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಅವಧಿಯಲ್ಲಿ ತೆರೆದಿರುತ್ತದೆ. ಕಾಲೇಜು ಅಧ್ಯಾಪಕರೂ ಇದಕ್ಕೆ ಅರ್ಜಿ ಹಾಕಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಒಬ್ಬ ಅಧ್ಯಾಪಕರು ಹೋಗಿಬಂದರೆ ಮುಂದಿನ ಹತ್ತು ವರ್ಷ ಆ ಕಾಲೇಜಿನ ಮಕ್ಕಳಿಗೆ ದಾರಿ ಗೊತ್ತಿರುತ್ತದೆ.

ಬೆಂಗಳೂರಿನಲ್ಲೇ ಬೇರೆ ಬಾಗಿಲುಗಳಿವೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಇವೆಲ್ಲ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ‘ವಿಸಿಟಿಂಗ್ ಸ್ಟೂಡೆಂಟ್ಸ್’ ಕಾರ್ಯಕ್ರಮವಿದೆ. ಮುಂಬೈನದೇ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಿಂದ ನಡೆಸುತ್ತಿರುವ ಎನ್‌ಐಯುಎಸ್ ಅನ್ನು ನಮ್ಮ ರಾಜ್ಯದ ಬಿಎಸ್ಸಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮೊದಲು ಚಿಕ್ಕ ಶಿಬಿರ, ಆಮೇಲೆ ರಜೆ ಸಿಕ್ಕಾಗಲೆಲ್ಲ ಹೋಗಿ ಒಂದೆರಡು ವರ್ಷ ಮುಂದುವರಿಸುವ ಪ್ರಾಜೆಕ್ಟ್. ಒಟ್ಟಿಗೆ ಎರಡು ತಿಂಗಳು ಬಿಡುವು ಸಿಗದವರಿಗೆ ಇದು ಹೇಳಿ ಮಾಡಿಸಿದಂತಿದೆ.

ಆ ಎರಡು ತಿಂಗಳ ಬಿಡುವೇ ನಮ್ಮಲ್ಲಿ ದೊಡ್ಡ ತೊಡಕು. ಫೆಲೋಶಿಪ್‌ಗಳು ಲೆಕ್ಕ ಹಾಕುವುದು ಮೇ ಮಧ್ಯದಿಂದ ಜುಲೈ ಮಧ್ಯದವರೆಗೆ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ, ವಿಟಿಯುವಿನ ಸಮ ಸೆಮಿಸ್ಟರ್ ಪರೀಕ್ಷೆಗಳು ಎಷ್ಟೋ ಸಲ ಜೂನ್, ಜುಲೈಗೆ ಬೀಳುತ್ತವೆ. ಆಯ್ಕೆ ಪತ್ರ ಬಂದ ಮೇಲೆ ‘ಜೂನ್ 20ಕ್ಕೆ ಪರೀಕ್ಷೆ ಇದೆ’ ಎಂದು ಸುಮ್ಮನೆ ಬಿಟ್ಟುಕೊಡುವವರಿದ್ದಾರೆ. ಹಾಗೆ ಮಾಡಬೇಡಿ. ಪತ್ರ ಬಂದ ವಾರದಲ್ಲೇ ಮಾರ್ಗದರ್ಶಕರಿಗೆ ಇಮೇಲ್ ಬರೆದು, ವಿಶ್ವವಿದ್ಯಾಲಯದ ಶೈಕ್ಷಣಿಕ ಕ್ಯಾಲೆಂಡರ್ ಲಗತ್ತಿಸಿ, ಎರಡು ಸ್ಪಷ್ಟ ಪರ್ಯಾಯ ಕೊಡಿ: ಪರೀಕ್ಷೆ ಮುಗಿದ ಮರುವಾರದಿಂದ ಎಂಟು ವಾರ, ಅಥವಾ ಪರೀಕ್ಷೆಯ ಮೊದಲು ನಾಲ್ಕು, ನಂತರ ನಾಲ್ಕು. ಮಾರ್ಗದರ್ಶಕರು ಒಪ್ಪಿದರೆ, ಅದನ್ನು ಫೆಲೋಶಿಪ್ ಕಚೇರಿಗೂ ತಿಳಿಸಿ ಅವರಿಂದಲೂ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಫೋನಿನಲ್ಲಿ ಮಾತಾಡಿ ಬಿಟ್ಟರೆ ಸ್ಟೈಪೆಂಡ್ ಬಿಲ್ ಮಾಡುವಾಗ ತಾರೀಖು ತಾಳೆಯಾಗದೆ ತೊಂದರೆಯಾಗುತ್ತದೆ.

ಇನ್ನೊಂದು ಲೆಕ್ಕವನ್ನೂ ಮನಸ್ಸಿನಲ್ಲಿಡಿ. ಕರ್ನಾಟಕದಲ್ಲಿ 2024–25ರಿಂದ ಮತ್ತೆ ಮೂರು ವರ್ಷದ ಪದವಿಯೇ ಬಂದಿದೆ. ಮೂರು ವರ್ಷದ ಬಿಎಸ್ಸಿಯಲ್ಲಿ, ಪದವಿಯ ನಡುವೆ ಸಿಗುವ ಬೇಸಿಗೆ ಎರಡೇ. ಮೊದಲ ಬೇಸಿಗೆಗೆ ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಕೈಯಲ್ಲಿ ಮೊದಲ ಸೆಮಿಸ್ಟರ್ ಫಲಿತಾಂಶವೂ ಇರುವುದಿಲ್ಲ. ಹಾಗಾಗಿ ಬಹಳಷ್ಟು ಮಂದಿಗೆ ನಿಜವಾಗಿ ಉಳಿಯುವುದು ಎರಡನೇ ವರ್ಷದ ಬೇಸಿಗೆ ಒಂದೇ. ಅದಕ್ಕೆ ಅರ್ಜಿ ಬೀಳುವುದು ಮೂರನೇ ಸೆಮಿಸ್ಟರ್‌ನಲ್ಲಿ. ಮೊದಲ ವರ್ಷವನ್ನು ಒಬ್ಬ ಅಧ್ಯಾಪಕರಿಗೆ ನಿಮ್ಮ ಕೆಲಸ ಗೊತ್ತಾಗುವಂತೆ ಮಾಡಿಕೊಳ್ಳಲು ಬಳಸಿ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಓದುತ್ತಿರುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆಂದೇ ಮೀಸಲು. ಈ ಹಣ ಪಡೆಯುವವರು ಮಾರ್ಗದರ್ಶಕರ ಕೈಕೆಳಗೆ ಪ್ರಾಜೆಕ್ಟ್ ಮಾಡಿ ವರದಿ ಒಪ್ಪಿಸಬೇಕು. ಕೆವಿಪಿವೈ ಎಂಬ ಹಳೆಯ ವಿದ್ಯಾರ್ಥಿವೇತನ ಪರೀಕ್ಷೆಯ ಬಗ್ಗೆ ಇನ್ನೂ ಕೇಳುವವರಿದ್ದಾರೆ. ಅದು 2022ರಲ್ಲಿ ಇನ್‌ಸ್ಪೈರ್ ಜೊತೆ ವಿಲೀನವಾಯಿತು, ಈಗ ಆ ಪರೀಕ್ಷೆ ಇಲ್ಲ.

ಆ ನೂರೈವತ್ತು ಪದಗಳು

ಅರ್ಜಿಯಲ್ಲಿ ಎಲ್ಲರೂ ಎಡವುವ ಜಾಗ ಆಸಕ್ತಿಯ ಬಗ್ಗೆ ನೂರೈವತ್ತು ಪದಗಳಲ್ಲಿ ಬರೆಯುವ ಚಿಕ್ಕ ಬರಹ. ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಸಿಕ್ಕರೆ ಶ್ರದ್ಧೆಯಿಂದ ದುಡಿಯುತ್ತೇನೆ’ ಎಂಬರ್ಥದ ಸಾಲುಗಳು ಸಮಿತಿಯ ಮುಂದೆ ರಾಶಿ ಬಿದ್ದಿರುತ್ತವೆ. ಆ ಸಾಲನ್ನು ಯಾರು ಬೇಕಾದರೂ ಬರೆಯಬಹುದು, ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ.

ಶಿರಸಿಯ ಕಡೆಯ ಬಿಎಸ್ಸಿ ವಿದ್ಯಾರ್ಥಿನಿಯೊಬ್ಬಳು ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಮನೆಯಲ್ಲಿ ಅಡಿಕೆ ತೋಟ, ಮಳೆಗಾಲದಲ್ಲಿ ಕೊಳೆರೋಗ. ಅವಳು ಬರೆಯಬೇಕಾದದ್ದು ಹೀಗೆ: ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಎಡೆಬಿಡದೆ ಮಳೆ ಸುರಿದ ವರ್ಷ ಎರಡನೇ ಸಿಂಪಡಣೆಗೆ ಬಿಡುವೇ ಸಿಗದೆ ಕಾಯಿ ಉದುರುತ್ತದೆ. ಇದಕ್ಕೆ ಕಾರಣವಾದ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ಬೇರೆಯೇ ಗುಂಪಿನ ಜೀವಿ ಎಂದು ಎರಡನೇ ಸೆಮಿಸ್ಟರ್‌ನಲ್ಲಿ ಓದಿದೆ. ಹಾಗಾದರೆ ಒಂದೇ ಊರಿನ ಎರಡು ತೋಟಗಳಲ್ಲಿರುವುದು ಒಂದೇ ಪ್ರಭೇದವೇ, ಬೇರೆಯೇ ಎಂದು ಗುರುತಿಸುವುದು ಹೇಗೆ? ರೋಗದ ಕಾಯಿಯಿಂದ ಅದನ್ನು ಬೇರ್ಪಡಿಸಿ ಬೆಳೆಸುವುದು, ಡಿಎನ್‌ಎ ತೆಗೆದು ಗುರುತಿಸುವುದು ಕಲಿಯಬೇಕೆಂದಿದ್ದೇನೆ. ಕಾಲೇಜಿನಲ್ಲಿ ಅಗರ್ ತಟ್ಟೆ ತಯಾರಿಸಿ ಬ್ಯಾಕ್ಟೀರಿಯಾ ಬೆಳೆಸಿದ್ದೇನೆ, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಮಾಡಿಲ್ಲ.

ಈ ಬರಹದಲ್ಲಿ ನಾಲ್ಕು ಸಂಗತಿಗಳಿವೆ. ಕಣ್ಣಾರೆ ಕಂಡ ಸಮಸ್ಯೆ, ಓದಿ ತಿಳಿದ ಒಂದು ನಿಖರ ವಿಷಯ, ಎಂಟು ವಾರದಲ್ಲಿ ಕೈಹಾಕಬಹುದಾದ ಒಂದು ಪ್ರಶ್ನೆ, ಏನು ಬರುತ್ತದೆ ಏನು ಬರುವುದಿಲ್ಲ ಎಂಬ ಪ್ರಾಮಾಣಿಕ ಲೆಕ್ಕ. ‘ಪಿಸಿಆರ್ ಮಾಡಿಲ್ಲ’ ಎಂಬ ಮಾತು ಅರ್ಜಿಯನ್ನು ಕೆಡಿಸುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದವರು ಮೊದಲ ದಿನವೇ ಸಿಕ್ಕಿಬೀಳುತ್ತಾರೆ. ಕ್ಯಾನ್ಸರ್‌ಗೆ ಔಷಧ ಕಂಡುಹಿಡಿಯುತ್ತೇನೆ ಎಂದು ಬರೆದವರ ಬರಹಕ್ಕಿಂತ ಎರಡು ತೋಟದ ಕೊಳೆ ಒಂದೆಯೇ ಎಂದು ಕೇಳಿದವಳ ಬರಹ ಎಷ್ಟೋ ಮೇಲು. ಹಾಗೆಂದು ಅಂತರ್ಜಾಲದಿಂದ ಎತ್ತಿದ, ಯಂತ್ರ ಬರೆದುಕೊಟ್ಟ ಪ್ಯಾರಾ ಹಾಕಬೇಡಿ. ಭಾಷೆ ನುಣುಪಾಗಿದ್ದು ಒಳಗೆ ಏನೂ ಇಲ್ಲದ ಬರಹವನ್ನು ಓದಿ ಓದಿ ಪಳಗಿದವರು ಎರಡನೇ ಸಾಲಿಗೇ ಪತ್ತೆ ಹಚ್ಚುತ್ತಾರೆ. ಇಂಗ್ಲಿಷ್ ಕಷ್ಟವಾದರೆ ಮೊದಲು ಕನ್ನಡದಲ್ಲೇ ಬರೆದು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತಂದುಕೊಳ್ಳಿ. ವ್ಯಾಕರಣದ ತಪ್ಪನ್ನು ಯಾರಾದರೂ ತಿದ್ದಿಕೊಡುತ್ತಾರೆ, ಪ್ರಶ್ನೆ ಮಾತ್ರ ನಿಮ್ಮದೇ ಆಗಿರಬೇಕು.

ಶಿಫಾರಸು ಪತ್ರ ಕೇಳುವ ಬಗೆ

‘ಸರ್, ನಾಳೆ ಲಾಸ್ಟ್ ಡೇಟ್, ಒಂದು ಲೆಟರ್ ಬೇಕಿತ್ತು.’ ಹೀಗೆ ಕೇಳಿದರೆ ಸಿಗುವುದು ‘ಈ ವಿದ್ಯಾರ್ಥಿ ಶ್ರಮಜೀವಿ, ಸನ್ನಡತೆಯವನು’ ಎಂಬ ಎರಡು ಸಾಲು. ಅಂಥ ಪತ್ರ ಬಂದರೂ ಒಂದೇ, ಬರದಿದ್ದರೂ ಒಂದೇ. ಕನಿಷ್ಠ ಮೂರು ವಾರ ಮೊದಲು ಕೇಳಿ. ಕೇಳುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಡಿ: ಯಾವ ಫೆಲೋಶಿಪ್, ಕೊನೆಯ ದಿನ ಯಾವುದು, ನಿಮ್ಮ ಅಂಕಗಳು, ಆ ಮೇಷ್ಟ್ರ ಯಾವ ಪೇಪರ್ ಓದಿದಿರಿ, ಅವರ ಪ್ರಾಯೋಗಿಕ ತರಗತಿಯಲ್ಲಿ ಏನು ಮಾಡಿದಿರಿ, ಮತ್ತು ನಿಮ್ಮ ಆ ನೂರೈವತ್ತು ಪದದ ಬರಹ. ಅಧ್ಯಾಪಕರಿಗೆ ಒಂದೊಂದು ತರಗತಿಯಲ್ಲಿ 80 ಮಕ್ಕಳು. ನೀವು ಟೈಟ್ರೇಷನ್‌ನಲ್ಲಿ ಫಲಿತಾಂಶ ಹೊಂದದಿದ್ದಾಗ ಮೂರು ಸಲ ಮತ್ತೆ ಮಾಡಿದ್ದು ಅವರಿಗೆ ನೆನಪಿರಲಿಕ್ಕಿಲ್ಲ. ನೆನಪಿಸಿದರೆ ಅದನ್ನೇ ಬರೆಯುತ್ತಾರೆ, ಪತ್ರಕ್ಕೆ ಜೀವ ಬರುವುದು ಅಂಥ ಒಂದು ಘಟನೆಯಿಂದ.

ಈಗ ಹೆಚ್ಚಿನ ಕಡೆ ಪತ್ರ ನಿಮ್ಮ ಕೈಗೆ ಬರುವುದಿಲ್ಲ. ಅರ್ಜಿಯಲ್ಲಿ ಅಧ್ಯಾಪಕರ ಇಮೇಲ್ ಹಾಕಿದ ಕೂಡಲೇ ಅವರಿಗೆ ಒಂದು ಲಿಂಕ್ ಹೋಗುತ್ತದೆ, ಅದರಲ್ಲಿ ಅವರೇ ಅಪ್‌ಲೋಡ್ ಮಾಡಬೇಕು. ಕೆಡುವುದು ಇಲ್ಲೇ. ಇಮೇಲ್ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿರುತ್ತದೆ, ಲಿಂಕ್ ಸ್ಪ್ಯಾಮ್‌ನಲ್ಲಿ ಕೂತಿರುತ್ತದೆ, ಅಥವಾ ಅವರು ಆ ಇಮೇಲನ್ನು ತಿಂಗಳಿಗೊಮ್ಮೆ ತೆರೆಯುತ್ತಾರೆ. ಅರ್ಜಿ ಸಲ್ಲಿಸಿದ ದಿನವೇ ಸ್ಟಾಫ್ ರೂಮಿಗೆ ಹೋಗಿ ‘ಮೇಡಂ, ಲಿಂಕ್ ಬಂದಿದೆಯಾ ನೋಡ್ತೀರಾ?’ ಎಂದು ಕೇಳಿ. ಇದು ಹಟಮಾರಿತನವಲ್ಲ, ಯಾವ ಮೇಷ್ಟ್ರೂ ತಪ್ಪು ತಿಳಿಯುವುದಿಲ್ಲ. ಕೊನೆಯ ದಿನಕ್ಕೆ ಒಂದು ವಾರ ಮೊದಲು ಇನ್ನೊಮ್ಮೆ ನೆನಪಿಸಿ. ಅರ್ಜಿ ಎಷ್ಟೇ ಚೆನ್ನಾಗಿದ್ದರೂ ಪತ್ರ ಬರದಿದ್ದರೆ ಅದು ಅಪೂರ್ಣ ಅರ್ಜಿ. ಅದನ್ನು ಯಾರೂ ತೆರೆದು ನೋಡುವುದಿಲ್ಲ.

ಅಂಕಪಟ್ಟಿಯ ಬಗ್ಗೆ ಎರಡು ಮಾತು. ರಾಜ್ಯದ ವಿಶ್ವವಿದ್ಯಾಲಯಗಳ ಜಾಲತಾಣ ಯುಯುಸಿಎಂಎಸ್‌ನಲ್ಲಿ ಫಲಿತಾಂಶ ಬಂದ ದಿನವೇ ಇಳಿಸಿಟ್ಟುಕೊಳ್ಳಿ, ಅರ್ಜಿಯ ವಾರದಲ್ಲೇ ಸರ್ವರ್ ಕೈಕೊಡುವುದುಂಟು. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವಾಗ ನಿಮ್ಮ ವಿಶ್ವವಿದ್ಯಾಲಯ ಹೇಳಿದ ಸೂತ್ರವನ್ನೇ ಬಳಸಿ. ಎಲ್ಲೋ ಸಿಕ್ಕ ಗುಣಕವನ್ನು ಹಾಕಿದರೆ ಪರಿಶೀಲನೆಯ ಹೊತ್ತಿಗೆ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ.

ನೇರವಾಗಿ ಪ್ರೊಫೆಸರ್‌ಗೆ ಬರೆಯುವುದು

ಫೆಲೋಶಿಪ್ ಸಿಗದವರಿಗೂ ದಾರಿ ಮುಚ್ಚಿಲ್ಲ. ಎಷ್ಟೋ ಪ್ರಯೋಗಾಲಯಗಳು ನೇರ ಇಮೇಲ್ ಮೇಲೆಯೇ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಬರೆಯಲು ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ವಿಷಯದ ಸಾಲಿನಲ್ಲೇ ನೀವು ಯಾರು, ಯಾವಾಗ ಬರಬಲ್ಲಿರಿ ಎಂಬುದಿರಲಿ. ಮೊದಲ ಪ್ಯಾರಾದಲ್ಲಿ ನೀವು ಯಾರೆಂದು ಒಂದೇ ವಾಕ್ಯ. ಎರಡನೆಯದರಲ್ಲಿ ಅವರ ಇತ್ತೀಚಿನ ಒಂದು ಲೇಖನದ ಬಗ್ಗೆ ಒಂದು ನಿಜವಾದ ಪ್ರಶ್ನೆ. ಲೇಖನವಿಡೀ ಅರ್ಥವಾಗಬೇಕಿಲ್ಲ, ಒಂದು ಚಿತ್ರ ಅರ್ಥವಾಗಿ ಇನ್ನೊಂದು ಆಗದಿದ್ದರೆ ಅದನ್ನೇ ಕೇಳಿ. ಮೂರನೆಯದರಲ್ಲಿ ನಿಮಗೆ ಬರುವ ಕೆಲಸ, ಸಿಗುವ ತಾರೀಖು, ಸ್ಟೈಪೆಂಡ್ ಬೇಕೋ ಬೇಡವೋ. ಒಟ್ಟು 200 ಪದ ದಾಟಬಾರದು. ಒಂದೇ ಪಿಡಿಎಫ್ ಲಗತ್ತಿಸಿ, ಅದಕ್ಕೆ ನಿಮ್ಮ ಹೆಸರಿನ ಫೈಲ್ ಹೆಸರಿಡಿ.

ಮಾಡಬಾರದ್ದು: ಒಂದೇ ಪತ್ರವನ್ನು ನಲವತ್ತು ಜನಕ್ಕೆ ಕಳಿಸುವುದು. ಒಂದೇ ವಿಭಾಗದ ಪ್ರೊಫೆಸರ್‌ಗಳು ದಿನಾ ಒಟ್ಟಿಗೆ ಕಾಫಿ ಕುಡಿಯುತ್ತಾರೆ, ಇಬ್ಬರಿಗೂ ಒಂದೇ ಹೊಗಳಿಕೆ ಬಂದಿದ್ದು ಅಲ್ಲೇ ಬಯಲಾಗುತ್ತದೆ. ಹೆಸರು ಬದಲಿಸಲು ಮರೆತ ಪತ್ರ ಇನ್ನೂ ಅನ್ಯಾಯ. ಬಹುತೇಕ ಪತ್ರಗಳಿಗೆ ಉತ್ತರ ಬರುವುದಿಲ್ಲ. ಅದರಲ್ಲಿ ಅವಮಾನವೇನಿಲ್ಲ, ಅವರ ಇನ್‌ಬಾಕ್ಸ್ ತುಂಬಿರುತ್ತದೆ. ಹತ್ತರಿಂದ ಹದಿನಾಲ್ಕು ದಿನ ಕಾದು ಒಂದೇ ಒಂದು ಸಲ ನೆನಪಿಸಿ, ಆಮೇಲೆ ಮುಂದಿನವರಿಗೆ ಬರೆಯಿರಿ.

ಕಾಡಿನಲ್ಲಿ, ಹೊಲದಲ್ಲಿ ಕೆಲಸ ಮಾಡಬೇಕೆನ್ನುವವರು ಋತುವನ್ನು ನೋಡಿ ಬರೆಯಬೇಕು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್, ಹಾವುತಜ್ಞ ರೊಮ್ಯುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರ ಇಂಥ ಕಡೆ ವಿಚಾರಿಸಬಹುದು. ಕಪ್ಪೆಗಳ ಕೆಲಸ ನಡೆಯುವುದೇ ಮಳೆಯಲ್ಲಿ, ರಾತ್ರಿ ಹೊತ್ತು, ಜಿಗಣೆಗಳ ನಡುವೆ. ಮೇ ತಿಂಗಳ ರಜೆಯಲ್ಲಿ ಹೋದರೆ ಹೇಳಿಕೊಳ್ಳುವಂಥದ್ದು ಸಿಗುವುದಿಲ್ಲ. ಊಟ, ವಸತಿಯ ಖರ್ಚು ಯಾರದು ಎಂದು ಸಂಕೋಚಪಡದೆ ಮೊದಲೇ ಕೇಳಿ. ಎಷ್ಟೋ ಕಡೆ ಅದು ವಿದ್ಯಾರ್ಥಿಯದೇ ಆಗಿರುತ್ತದೆ.

ಕಲಾ ವಿಭಾಗದವರಿಗೆ ಇಂಥ ಅವಕಾಶ ಕಡಿಮೆ ಎಂಬುದು ನಿಜ, ಆದರೆ ಇಲ್ಲವೇ ಇಲ್ಲ ಎನ್ನುವುದು ಸುಳ್ಳು. ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಪ್ರತಿ ತಿಂಗಳ 1ರಿಂದ 10ರವರೆಗೆ ಅರ್ಜಿ ತೆರೆದಿರುತ್ತದೆ, ನಾಲ್ಕನೇ ಸೆಮಿಸ್ಟರ್ ಮುಗಿಸಿದ ಪದವಿ ವಿದ್ಯಾರ್ಥಿಗಳೂ ಹಾಕಬಹುದು. ಕನಿಷ್ಠ ಆರು ವಾರ, ಸಂಭಾವನೆ ಇಲ್ಲ. ದೆಹಲಿಯಲ್ಲಿ ಉಳಿಯುವ ಖರ್ಚನ್ನು ಲೆಕ್ಕ ಹಾಕಿಯೇ ಮುಂದುವರಿಯಿರಿ. ಇತಿಹಾಸದವರು ಎನ್‌ಸಿಬಿಎಸ್‌ನೊಳಗೆ 2019ರಲ್ಲಿ ತೆರೆದ ದಾಖಲೆಗಳ ಸಂಗ್ರಹಾಲಯವನ್ನು ನೋಡಬಹುದು. ವಿಜ್ಞಾನಿಗಳ ಪತ್ರ, ಟಿಪ್ಪಣಿ, ಫೋಟೊಗಳನ್ನು ವಿಂಗಡಿಸಿ ಪಟ್ಟಿ ಮಾಡುವ ಕೆಲಸ ಅಲ್ಲಿ ಕಲಿಯಲು ಸಿಗುತ್ತದೆ. ಕಂಪ್ಯೂಟರ್ ವಿಜ್ಞಾನದವರಿಗೆ 2005ರಿಂದ ನಡೆಯುತ್ತಿರುವ, ಮುಕ್ತ ತಂತ್ರಾಂಶ ಯೋಜನೆಯೊಂದಕ್ಕೆ ಕೋಡ್ ಬರೆಯುವ ಗೂಗಲ್ ಸಮ್ಮರ್ ಆಫ್ ಕೋಡ್ ಇದೆ. ಊರಲ್ಲೇ ಕುಳಿತು ಮಾಡಬಹುದು, ಆದರೆ ಅರ್ಜಿ ಹಾಕುವ ಮೊದಲೇ ಆ ಯೋಜನೆಯ ಕೋಡ್‌ನಲ್ಲಿ ಒಂದೆರಡು ಚಿಕ್ಕ ತಪ್ಪುಗಳನ್ನು ಸರಿಪಡಿಸಿ ಕಳಿಸಿದವರಿಗೆ ಹೆಚ್ಚು ಬೆಲೆ. ಬಿಇ ಅಂತಿಮ ವರ್ಷದವರು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಾಲೇಜಿನ ಮೂಲಕ ಹಣ ಕೇಳಬಹುದು.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ಇದರ ಜೊತೆ ಸೇರಿಸಿಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ಶುರುವಾದಾಗಿನ ನಿಯಮದಂತೆ ಅದು 21ರಿಂದ 24 ವರ್ಷದವರಿಗೆ, ಹನ್ನೆರಡು ತಿಂಗಳ ಅವಧಿಗೆ. ಪೂರ್ಣಾವಧಿ ಕಾಲೇಜಿನಲ್ಲಿ ಓದುತ್ತಿರುವವರಿಗೆ ಆ ನಿಯಮದಲ್ಲಿ ಅವಕಾಶವಿರಲಿಲ್ಲ.

ದುಡ್ಡು ಕೇಳುವ ಇಂಟರ್ನ್‌ಶಿಪ್‌ಗಳ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಎಂಜಿನಿಯರಿಂಗ್‌ನಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಪ್ರಮಾಣಪತ್ರ ಮಾರುವ ಅಂಗಡಿಗಳು ಎದ್ದಿವೆ. ಸಂದರ್ಶನವಿಲ್ಲದೆ ಆಯ್ಕೆ ಪತ್ರ ಬಂದರೆ, ‘ನೋಂದಣಿ ಶುಲ್ಕ’ ಕೇಳಿದರೆ, ನಿಮಗೆ ಕೆಲಸ ಹೇಳಿಕೊಡುವವರ ಹೆಸರೇ ಇಲ್ಲದಿದ್ದರೆ, ಸಂಶೋಧನಾ ಲೇಖನ ಪ್ರಕಟಣೆ ಖಾತ್ರಿ ಎಂದರೆ ಅಲ್ಲಿಗೆ ನಿಲ್ಲಿಸಿ. ವಿದೇಶದ ‘ವಿದ್ಯಾರ್ಥಿ ಸಮ್ಮೇಳನ’ಕ್ಕೆ ನಿಮ್ಮನ್ನೇ ಆರಿಸಿದ್ದೇವೆ, ಶುಲ್ಕ ಕಟ್ಟಿ ಎಂಬ ಇಮೇಲ್‌ಗಳೂ ಇದೇ ಜಾತಿಯವು. ಅಪ್ಪ ಅಮ್ಮ ಸಾಲ ಮಾಡಿ ಕೊಟ್ಟ ದುಡ್ಡನ್ನು ಒಂದು ಕಾಗದಕ್ಕೆ ಹಾಕುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊರದೇಶ: ಮೊದಲು ಹೆಸರು ಸರಿಮಾಡಿಕೊಳ್ಳಿ

ವಿದೇಶದ ಬೇಸಿಗೆ ಸಂಶೋಧನೆಯಲ್ಲಿ ಎರಡು ಬಗೆ. ಒಂದರಲ್ಲಿ ಅವರೇ ಯೋಜನೆಗಳ ಪಟ್ಟಿ ಕೊಡುತ್ತಾರೆ, ನೀವು ಆರಿಸುತ್ತೀರಿ. ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ ಹೀಗೆ. ಹನ್ನೆರಡು ವಾರ, ಅರ್ಜಿ ಹಿಂದಿನ ವರ್ಷದ ಸೆಪ್ಟೆಂಬರ್ ಸುಮಾರಿಗೆ ಮುಗಿಯುತ್ತದೆ, ಪದವಿ ಮುಗಿಯಲು ಎಷ್ಟು ಸೆಮಿಸ್ಟರ್ ಉಳಿದಿರಬೇಕು ಎಂಬ ಷರತ್ತೂ ಇದೆ. ಇನ್ನೊಂದರಲ್ಲಿ ಪ್ರೊಫೆಸರ್‌ರನ್ನು ನೀವೇ ಹುಡುಕಿ ಆಹ್ವಾನ ಪತ್ರ ತಂದರೆ ಮಾತ್ರ ವಿದ್ಯಾರ್ಥಿವೇತನಕ್ಕೆ ಅರ್ಜಿ. ಜರ್ಮನಿಯ ಡಿಎಎಡಿ ವೈಸ್, ಫ್ರಾನ್ಸಿನ ಶಾರ್ಪಾಕ್ ಲ್ಯಾಬ್ ಈ ಬಗೆಯವು. ವೈಸ್ ಎಲ್ಲ ಕಾಲೇಜುಗಳಿಗೆ ತೆರೆದಿಲ್ಲ, ಅವರು ಪಟ್ಟಿ ಮಾಡಿದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ. ಅರ್ಜಿ ತುಂಬುವ ಮೊದಲು ಆ ಪಟ್ಟಿ ನೋಡಿ. ಜಪಾನಿನ ಓಕಿನಾವಾದಲ್ಲಿರುವ ಓಐಎಸ್‌ಟಿ ಎಂಬ ವಿಶ್ವವಿದ್ಯಾಲಯದ ಸಂಶೋಧನಾ ಇಂಟರ್ನ್‌ಶಿಪ್ ಎಲ್ಲ ದೇಶದವರಿಗೂ ತೆರೆದಿದೆ. ಎರಡರಿಂದ ಆರು ತಿಂಗಳು, ವಿಮಾನದ ಟಿಕೆಟ್, ವಸತಿ, ದಿನಭತ್ಯೆ ಅವರದೇ, ವರ್ಷಕ್ಕೆ ಎರಡು ಸುತ್ತು ಅರ್ಜಿ. ಕೈಯಲ್ಲಿ ದುಡ್ಡಿಲ್ಲದವರು ಮೊದಲು ನೋಡಬೇಕಾದದ್ದು ಇಂಥವನ್ನೇ, ಏಕೆಂದರೆ ಕೆಲವು ಕಡೆ ಟಿಕೆಟ್ ನೀವೇ ತೆಗೆದು ಆಮೇಲೆ ಹಣ ವಾಪಸು ಪಡೆಯಬೇಕಾಗುತ್ತದೆ.

ನಮ್ಮ ಕಡೆಯ ಇನಿಷಿಯಲ್‌ಗಳು ಇಲ್ಲಿ ಕಾಡುವಷ್ಟು ಬೇರೆ ಯಾವುದೂ ಕಾಡುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ರಕ್ಷಿತಾ ಎಚ್. ಎಂ.’ ಎಂದಿದೆ ಎಂದುಕೊಳ್ಳಿ. ಎಚ್ ಊರು, ಎಂ ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಸರ್‌ನೇಮ್ ಎಂಬ ಬೇರೆಯೇ ಅಂಕಣವಿದೆ. ಅದನ್ನು ಖಾಲಿ ಬಿಟ್ಟರೆ ಮುಂದೆ ವೀಸಾ ಅರ್ಜಿಗಳಲ್ಲಿ ತೊಡಕು. ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು ಅಚ್ಚಾಗುತ್ತದೆ. ಆಧಾರ್, ಪಾಸ್‌ಪೋರ್ಟ್ ಎರಡರಲ್ಲೂ ಒಂದೇ ರೀತಿ ಬಿಡಿಸಿ ಬರೆಸಿ, ಆಮೇಲೆ ಎಲ್ಲ ವಿದೇಶಿ ಅರ್ಜಿಗಳಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿ. ಅಂಕಪಟ್ಟಿಯ ಹೆಸರಿಗೂ ಅದಕ್ಕೂ ಇರುವ ವ್ಯತ್ಯಾಸಕ್ಕೆ, ಇಬ್ಬರೂ ಒಬ್ಬರೇ ಎಂದು ಪ್ರಾಂಶುಪಾಲರ ಸಹಿಯ ಪತ್ರವೊಂದನ್ನು ಇಟ್ಟುಕೊಂಡಿರಿ. 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, ತತ್ಕಾಲ್‌ಗೆ ಇನ್ನೂ 2,000. ಆಯ್ಕೆಯಾದ ಮೇಲೆ ಮಾಡಿಸೋಣ ಎಂದು ಕಾಯಬೇಡಿ, ಪೊಲೀಸ್ ಪರಿಶೀಲನೆಯಲ್ಲಿ ವಿಳಾಸ ಹೊಂದದೆ ವಾರಗಟ್ಟಲೆ ನಿಲ್ಲುವುದಿದೆ. ಹಾಸ್ಟೆಲ್‌ನಲ್ಲಿದ್ದು ಊರಿನ ವಿಳಾಸ ಕೊಟ್ಟವರಿಗೆ ಇದು ಸಾಮಾನ್ಯ.

ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಉಳಿದಿರಬಾರದು. ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ಆರೋಗ್ಯ ವಿಮೆ. 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಅದಕ್ಕಿಂತ ಒಂದು ದಿನ ಹೆಚ್ಚಾದರೂ ಬೇರೆಯೇ ವೀಸಾ. ಆಹ್ವಾನ ಪತ್ರದಲ್ಲಿ ‘ಮೂರು ತಿಂಗಳು’ ಎಂದು ಬರೆಸಿಕೊಂಡು ಮೇ 1ರಿಂದ ಜುಲೈ 31ರವರೆಗೆ ಎಂದಿಟ್ಟರೆ 92 ದಿನವಾಗುತ್ತದೆ. ತಾರೀಖನ್ನು ಬೆರಳೆಣಿಸಿ ನೋಡಿಯೇ ಪತ್ರ ಕೇಳಿ.

ಎಂಟು ವಾರ ಅಂದರೆ ನಲವತ್ತು ದಿನ

ಸಿಕ್ಕ ಮೇಲೆ? ವಾರಕ್ಕೆ ಐದು ದಿನದಂತೆ ಎಂಟು ವಾರಕ್ಕೆ ನಲವತ್ತು ಕೆಲಸದ ದಿನ. ಉಪಕರಣ ಕಲಿಯಲು, ಸುರಕ್ಷತೆ ತಿಳಿಯಲು ಮೊದಲ ಹತ್ತು ದಿನ. ವರದಿಗೆ ಕೊನೆಯ ಐದು ದಿನ. ರಾಸಾಯನಿಕ ತರಿಸಿ ಕಾಯುವುದರಲ್ಲಿ ಇನ್ನೊಂದು ವಾರ. ನಿಜವಾದ ಪ್ರಯೋಗಕ್ಕೆ ಉಳಿಯುವುದು ಇಪ್ಪತ್ತು ದಿನ, ಅದರಲ್ಲಿ ಅರ್ಧ ಕೆಡುತ್ತದೆ. ಆದ್ದರಿಂದ ಮೊದಲ ವಾರದಲ್ಲೇ ಮಾರ್ಗದರ್ಶಕರ ಜೊತೆ ಕೂತು, ಈ ಇಪ್ಪತ್ತು ದಿನದಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಒಂದು ಚಿಕ್ಕ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ದಿನಾ ನಿಮ್ಮ ಜೊತೆ ಇರುವವರು ಪಿಎಚ್‌ಡಿ ವಿದ್ಯಾರ್ಥಿಗಳು. ನಿಮಗೆ ಕೆಲಸ ಕಲಿಸುವವರು ಅವರೇ, ಅವರ ಸಮಯಕ್ಕೆ ಬೆಲೆ ಕೊಡಿ.

ನೋಟ್‌ಬುಕ್ ಪೆನ್ನಿನಲ್ಲಿ, ಆ ದಿನವೇ, ತಪ್ಪನ್ನೂ ಅಳಿಸದೆ ಒಂದು ಗೆರೆ ಎಳೆದು ಬರೆಯಬೇಕು. ನಮ್ಮ ಅಡಿಕೆ ಉದಾಹರಣೆಗೇ ಬರೋಣ. ಪಿಸಿಆರ್ ಮಾಡಿದ ದಿನದ ಪುಟದಲ್ಲಿ ತಾರೀಖು, ಒಟ್ಟು 25 ಮೈಕ್ರೋಲೀಟರ್‌ನಲ್ಲಿ ಯಾವುದನ್ನು ಎಷ್ಟು ಹಾಕಿದ್ದು, ಯಾವ ಉಷ್ಣತೆಯಲ್ಲಿ ಎಷ್ಟು ಸುತ್ತು, ಡಿಎನ್‌ಎ ಓಡಿಸಿ ನೋಡುವ ಜೆಲ್‌ನ ಫೋಟೊ, ಮತ್ತು ಡಿಎನ್‌ಎ ಬದಲು ಬರೀ ನೀರು ಹಾಕಿದ ಒಂದು ಕೊಳವೆಯ ಫಲಿತಾಂಶ ಇರಲೇಬೇಕು. ಜೆಲ್‌ನಲ್ಲಿ ನೀರಿನ ಕೊಳವೆಯ ಜಾಗದಲ್ಲೂ ಡಿಎನ್‌ಎಯ ಪಟ್ಟಿ (ಬ್ಯಾಂಡ್) ಕಂಡರೆ ಎಲ್ಲೋ ಡಿಎನ್‌ಎ ಬೆರೆತಿದೆ, ಆ ದಿನದ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ. ಎಲ್ಲೂ ಪಟ್ಟಿ ಬರದಿದ್ದರೆ ಕೆಲಸ ಮಾಡುತ್ತದೆಂದು ಗೊತ್ತಿರುವ ಡಿಎನ್‌ಎ ಹಾಕಿ ಮೊದಲು ಪರೀಕ್ಷಿಸಿ. ಅದೂ ಬರದಿದ್ದರೆ ದೋಷ ನಿಮ್ಮ ಮಾದರಿಯದ್ದಲ್ಲ, ಮಿಶ್ರಣದ್ದು ಅಥವಾ ಉಷ್ಣತೆಯದ್ದು. ಇದನ್ನು ಬರೆದಿಟ್ಟವರ ವರದಿ, ಫಲಿತಾಂಶ ಬರದೇ ಹೋದರೂ, ಒಳ್ಳೆಯ ವರದಿಯೇ.

ಹಣದ ಮಟ್ಟಿಗೆ, ಸ್ಟೈಪೆಂಡ್ ಕೈಗೆ ಬರುವುದು ಕೆಲವೊಮ್ಮೆ ಕೊನೆಯಲ್ಲಿ. ಪಿಜಿಯ ಮುಂಗಡ, ಮೊದಲ ತಿಂಗಳ ಬಾಡಿಗೆ, ಊಟ ಕೈಯಿಂದಲೇ ಹೋಗುತ್ತದೆ. ಸಂಸ್ಥೆಯ ಹಾಸ್ಟೆಲ್ ಸಿಗುತ್ತದೆಯೇ ಎಂದು ಆಯ್ಕೆ ಪತ್ರ ಬಂದ ದಿನವೇ ಕೇಳಿ, ಅಲ್ಲಿ ಕೊಠಡಿ ಮೊದಲು ಕೇಳಿದವರಿಗೆ. ರೈಲಿನ ಟಿಕೆಟನ್ನು ಪ್ರಯಾಣ ಮುಗಿದ ಮೇಲೂ ಎಸೆಯಬೇಡಿ, ಪ್ರಯಾಣ ಭತ್ಯೆಯ ಬಿಲ್ಲಿಗೆ ಬೇಕು. ಬ್ಯಾಂಕ್ ಖಾತೆ ನಿಮ್ಮದೇ ಹೆಸರಿನಲ್ಲಿರಬೇಕು. ಅಪ್ಪನ ಖಾತೆ ಕೊಟ್ಟರೆ ಆಗುವುದಿಲ್ಲ.

ಹೊರಡುವ ಮುನ್ನ ಯೋಜನೆಯ ಹೆಸರು, ಆರಂಭ ಮತ್ತು ಕೊನೆಯ ತಾರೀಖು ಇರುವ ಪತ್ರವನ್ನು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ತೆಗೆದುಕೊಳ್ಳಿ. ನೋಟ್‌ಬುಕ್ ಅಲ್ಲೇ ಬಿಟ್ಟು ಬರಬೇಕು, ಅದು ಪ್ರಯೋಗಾಲಯದ ಸ್ವತ್ತು. ಪ್ರತಿ ಬೇಕಿದ್ದರೆ ಕೇಳಿ ತೆಗೆದುಕೊಳ್ಳಿ. ಜೆಲ್ ಫೋಟೊ, ಗ್ರಾಫ್‌ಗಳನ್ನು ಇನ್‌ಸ್ಟಾಗ್ರಾಂಗೆ ಹಾಕುವ ಮುನ್ನ, ಕಾಲೇಜಿನ ಪೋಸ್ಟರ್ ಸ್ಪರ್ಧೆಗೆ ಒಯ್ಯುವ ಮುನ್ನ ಒಪ್ಪಿಗೆ ಪಡೆಯಲೇಬೇಕು, ಏಕೆಂದರೆ ಅದರ ಹಿಂದೆ ಯಾರದೋ ಐದು ವರ್ಷದ ಪಿಎಚ್‌ಡಿ ಇರುತ್ತದೆ. ಊರಿಗೆ ಬಂದ ಮೇಲೆ ಶಿಫಾರಸು ಪತ್ರ ಬರೆದ ಮೇಷ್ಟ್ರ ಬಳಿ ಹೋಗಿ ಏನೇನು ಮಾಡಿದಿರಿ ಎಂದು ಹೇಳಿ, ವರದಿಯ ಒಂದು ಪ್ರತಿಯನ್ನು ವಿಭಾಗದ ಗ್ರಂಥಾಲಯದಲ್ಲಿಡಿ. ಮುಂದಿನ ಸೆಪ್ಟೆಂಬರ್‌ನಲ್ಲಿ ನಿಮ್ಮ ಜೂನಿಯರ್ ಅರ್ಜಿ ತುಂಬಲು ಕುಳಿತಾಗ ಅದು ಕೈಗೆ ಸಿಗುವಂತಿರಲಿ.